ಪಂಪಿಂಗ್ ಸುಧಾರಿಸಿದೆ, ಆದರೂ ನೂರು ಹೆಜ್ಜೆಗೆ ಕಾಲು ಸೋಲುವುದೇಕೆ?

ಪ್ರಶ್ನೆ: ನಮ್ಮ ಮನೆಯವರಿಗೆ 61 ವರ್ಷ. ಚಿಕ್ಕಂದಿನಿಂದ ಬೆಟಗೇರಿಯಲ್ಲಿ ಕೈಮಗ್ಗ ನಡೆಸಿದವರು. ಎರಡು ವರ್ಷದ ಹಿಂದೆ ಹೃದಯಾಘಾತವಾಯಿತು. ಆಗ ಹೃದಯದ ಪಂಪಿಂಗ್ ಶೇಕಡಾ 28 ಇತ್ತು. ಸ್ಟೆಂಟ್ ಹಾಕಿದರು, ಗುಳಿಗೆಗಳನ್ನು ಒಂದು ದಿನವೂ ತಪ್ಪಿಸಿಲ್ಲ. ಹೋದ ತಿಂಗಳ ಎಕೋದಲ್ಲಿ 42 ಬಂದಿದೆ. ಕಾಲು ಬಾವು ಇಲ್ಲ, ರಾತ್ರಿ ಮಲಗಿದರೆ ದಮ್ಮೂ ಇಲ್ಲ. ರಿಪೋರ್ಟ್ ಚೆನ್ನಾಗಿದೆ ಎಂದು ಡಾಕ್ಟರು ಹೇಳಿದರು. ಆದರೆ ಮನೆಯಿಂದ ಬಸ್ ಸ್ಟಾಪಿಗೆ ಹೋಗುವಷ್ಟರಲ್ಲಿ ಎರಡು ಕಡೆ ನಿಲ್ಲುತ್ತಾರೆ. ದಮ್ಮಿಗಿಂತ ಮೊದಲು ಕಾಲೇ ಸೋಲುತ್ತವೆ ಎನ್ನುತ್ತಾರೆ. ‘ಅವರಿಗೆ ಏನೂ ಕೆಲಸ ಹಚ್ಚಬೇಡ, ಮಲಗಿಕೊಂಡಿರಲಿ’ ಎಂದು ನಾದಿನಿ ಹೇಳುತ್ತಾಳೆ. ‘ಅಪ್ಪ ಹೆದರಿದ್ದಾರೆ, ಅಷ್ಟೇ’ ಎಂದು ಮಗ ಹೇಳುತ್ತಾನೆ. ಯಾರ ಮಾತು ಸರಿ? ನಡೆದರೆ ಹೃದಯಕ್ಕೆ ಪೆಟ್ಟಾಗುವುದಿಲ್ಲವೇ?

ಉತ್ತರ: ಅಕ್ಕನವರೇ, ನಿಮ್ಮ ಪತ್ರದಲ್ಲಿ ನನ್ನ ಕಣ್ಣಿಗೆ ಮೊದಲು ಬಿದ್ದದ್ದು ನಿಮ್ಮ ಯಜಮಾನರ ಮಾತು: ದಮ್ಮಿಗಿಂತ ಮೊದಲು ಕಾಲು ಸೋಲುತ್ತವೆ. ಅವರು ತಮ್ಮ ಕಾಯಿಲೆಯನ್ನು ಸರಿಯಾಗಿ ಗುರುತಿಸಿದ್ದಾರೆ. ಅದು ಹೆದರಿಕೆಯಲ್ಲ, ಆಲಸ್ಯವಂತೂ ಅಲ್ಲವೇ ಅಲ್ಲ. ದೀರ್ಘಕಾಲದ ಹೃದಯ ವೈಫಲ್ಯದಲ್ಲಿ, ಅಂದರೆ ದೇಹಕ್ಕೆ ಬೇಕಾದಷ್ಟು ರಕ್ತ ಒದಗಿಸಲು ಹೃದಯ ಸೋಲುವ ಕಾಯಿಲೆಯಲ್ಲಿ, ಕಾಲಿನ ಸ್ನಾಯುಗಳೂ ಕಾಯಿಲೆ ಬೀಳುತ್ತವೆ. ಮಗನ ಮಾತೂ ಸರಿಯಲ್ಲ, ನಾದಿನಿಯ ಮಾತೂ ಸರಿಯಲ್ಲ. ಎರಡರಲ್ಲಿ ಹೆಚ್ಚು ಹಾನಿ ಮಾಡುವುದು ಪ್ರೀತಿಯಿಂದ ಬಂದ ನಾದಿನಿಯ ಸಲಹೆ.

ಎಕೋ ಪರೀಕ್ಷೆ ಏನನ್ನು ಅಳೆಯುತ್ತದೆ ಎಂಬುದನ್ನು ಮೊದಲು ತಿಳಿದುಕೊಳ್ಳೋಣ. ರೋಗಿಯನ್ನು ಎಡ ಮಗ್ಗುಲಿಗೆ ಮಲಗಿಸಿ, ಎದೆಗೆ ಜೆಲ್ ಹಚ್ಚಿ, ಹೃದಯದ ಎಡ ಕೋಣೆಯಲ್ಲಿ ತುಂಬಿದ ರಕ್ತದಲ್ಲಿ ಶೇಕಡಾ ಎಷ್ಟು ಪ್ರತಿ ಬಡಿತಕ್ಕೆ ಹೊರಗೆ ಹೋಗುತ್ತದೆ ಎಂದು ನೋಡುತ್ತಾರೆ. ಆರೋಗ್ಯವಂತರಲ್ಲಿ ಇದು ಸುಮಾರು 55ರಿಂದ 70. ನಲವತ್ತು ಮತ್ತು ಅದಕ್ಕಿಂತ ಕಡಿಮೆ ಇದ್ದರೆ ಪಂಪಿಂಗ್ ಕುಗ್ಗಿದೆ ಎನ್ನುತ್ತೇವೆ. 28ರಿಂದ 42ಕ್ಕೆ ಏರಿದ್ದು ನಿಜಕ್ಕೂ ಒಳ್ಳೆಯ ಸುದ್ದಿ, ಸ್ಟೆಂಟ್ ಮತ್ತು ಗುಳಿಗೆಗಳು ಕೆಲಸ ಮಾಡಿವೆ ಎಂಬುದಕ್ಕೆ ಸಾಕ್ಷಿ. ಆದರೆ ಅದು ಮಲಗಿರುವ ಮನುಷ್ಯನ ಹೃದಯದ ಲೆಕ್ಕ. ಅವರು ಎಷ್ಟು ದೂರ ನಡೆಯಬಲ್ಲರು ಎಂದು ಅದು ಹೇಳುವುದಿಲ್ಲ. 1981ರಲ್ಲಿಯೇ ಅಮೆರಿಕದ ವೈದ್ಯರು ಹೃದಯ ವೈಫಲ್ಯದ ರೋಗಿಗಳಲ್ಲಿ ವಿಶ್ರಾಂತಿಯ ಪಂಪಿಂಗನ್ನೂ ಶ್ರಮದ ಸಾಮರ್ಥ್ಯವನ್ನೂ ಹೋಲಿಸಿ, ಎರಡಕ್ಕೂ ಹೇಳಿಕೊಳ್ಳುವಂಥ ನಂಟಿಲ್ಲ ಎಂದು ತೋರಿಸಿದ್ದರು. ಪಂಪಿಂಗ್ 25 ಇದ್ದು ಪೇಟೆ ಸುತ್ತಿ ಬರುವವರನ್ನೂ, 60 ಇದ್ದು ಬಚ್ಚಲಿನಿಂದ ಪಡಸಾಲೆಗೆ ಬರುವಷ್ಟರಲ್ಲಿ ಕುಳಿತುಬಿಡುವವರನ್ನೂ ನಾವು ಒಂದೇ ದಿನ ಒಂದೇ ಹೊರರೋಗಿ ವಿಭಾಗದಲ್ಲಿ ನೋಡುತ್ತೇವೆ.

ನಡೆಯುವ ಶಕ್ತಿಯನ್ನು ತೀರ್ಮಾನಿಸುವುದು ದೇಹ ಎಷ್ಟು ಆಮ್ಲಜನಕವನ್ನು ಬಳಸಿಕೊಳ್ಳಬಲ್ಲದು ಎಂಬುದು. ಸುಮ್ಮನೆ ಕುಳಿತಾಗ ನಮ್ಮ ದೇಹ ಒಂದು ಕಿಲೋ ತೂಕಕ್ಕೆ ನಿಮಿಷಕ್ಕೆ ಸುಮಾರು 3.5 ಮಿಲಿಲೀಟರ್ ಆಮ್ಲಜನಕ ಬಳಸುತ್ತದೆ. ಸಮತಟ್ಟಾದ ರಸ್ತೆಯಲ್ಲಿ ಗಂಟೆಗೆ ನಾಲ್ಕು ಕಿಲೋಮೀಟರ್ ವೇಗದಲ್ಲಿ ನಡೆದರೆ ಅದರ ಮೂರು ಪಟ್ಟು, ಅಂದರೆ ಹತ್ತರ ಆಸುಪಾಸು ಬೇಕು. ಮೆಟ್ಟಿಲು ಹತ್ತುವುದಕ್ಕೆ ನಾಲ್ಕು ಪಟ್ಟಿಗಿಂತಲೂ ಹೆಚ್ಚು. ಅರವತ್ತರ ಆರೋಗ್ಯವಂತ ಗಂಡಸಿನ ದೇಹ ತನ್ನ ಪೂರ್ಣ ಶಕ್ತಿ ಹಾಕಿದಾಗ 28ರವರೆಗೆ ಹೋಗಬಲ್ಲದು ಎಂದುಕೊಳ್ಳಿ. ಅವರಿಗೆ ಆ ನಡಿಗೆ ಮೂರನೆಯ ಒಂದು ಭಾಗಕ್ಕಿಂತ ಸ್ವಲ್ಪ ಹೆಚ್ಚಿನ ಶ್ರಮ, ಮಾತಾಡುತ್ತ ಹೋಗಬಹುದು. ಹೃದಯ ವೈಫಲ್ಯದಿಂದ ಆ ಮಿತಿ 14ಕ್ಕೆ ಇಳಿದವರಿಗೆ ಅದೇ ರಸ್ತೆ, ಅದೇ ವೇಗ, ಶಕ್ತಿಯ ಮುಕ್ಕಾಲು ಪಾಲನ್ನು ಕೇಳುತ್ತದೆ. ಮೆಟ್ಟಿಲಂತೂ ಮಿತಿಯನ್ನೇ ದಾಟುತ್ತದೆ. ಹೊರಗಿನಿಂದ ನೋಡುವವರಿಗೆ ಅವರು ನಿಧಾನವಾಗಿ ನಡೆಯುತ್ತಿರುವಂತೆ ಕಾಣುತ್ತದೆ, ಒಳಗೆ ಅವರು ಓಡುತ್ತಿರುತ್ತಾರೆ. ಇದನ್ನು ನಿಮ್ಮ ಮಗನಿಗೆ ದಯವಿಟ್ಟು ಓದಿ ಹೇಳಿ. ಹೃದಯ ಕಸಿಯನ್ನು ಯಾರಿಗೆ ಮುಂದೂಡಬಹುದು ಎಂದು ತೀರ್ಮಾನಿಸಲು 1991ರ ಒಂದು ಅಧ್ಯಯನ ಬಳಸಿದ ಗೆರೆಯೂ ಇದೇ 14. ಎಕೋ ಸಂಖ್ಯೆಯ ಜೊತೆಗೆ ಇದನ್ನೂ ನೋಡದೆ ದೊಡ್ಡ ನಿರ್ಧಾರ ತೆಗೆದುಕೊಳ್ಳಬಾರದು ಎಂಬುದು ಅಂದಿನಿಂದ ವೈದ್ಯರಿಗೆ ಸ್ಪಷ್ಟವಾಯಿತು.

ಹೃದಯ ಸುಧಾರಿಸಿದರೂ ಈ ಮಿತಿ ಏಕೆ ಏರುವುದಿಲ್ಲ? ನವಿಲುತೀರ್ಥದ ಅಣೆಕಟ್ಟೆಯಿಂದ ಮಲಪ್ರಭೆಯ ನೀರನ್ನು ಕಾಲುವೆಗೆ ಬಿಟ್ಟ ಸುದ್ದಿ ಬಂದ ಮಾತ್ರಕ್ಕೆ ನರಗುಂದದ ಕೊನೆಯ ಹೊಲಕ್ಕೆ ನೀರು ಮುಟ್ಟಿದಂತಲ್ಲ. ದಾರಿಯಲ್ಲಿ ಹೂಳಿರಬಹುದು, ತೂಬು ಬಿಗಿದಿರಬಹುದು. ಮುಟ್ಟಿದರೂ ಹೊಲ ಅದನ್ನು ಹೀರಿಕೊಳ್ಳುವ ಸ್ಥಿತಿಯಲ್ಲಿ ಇರಬೇಕು. ದೇಹದಲ್ಲಿ ಈ ಎಲ್ಲ ಹಂತಗಳೂ ಕೆಡುತ್ತವೆ. ಹೃದಯ ದುರ್ಬಲವಾದಾಗ ದೇಹ ಅಪಾಯವೆಂದು ಭಾವಿಸಿ ಕಾಲಿನ ರಕ್ತನಾಳಗಳನ್ನು ಬಿಗಿಯುತ್ತದೆ. ಅವುಗಳ ಒಳಪದರ ಶ್ರಮದ ವೇಳೆ ಹಿಗ್ಗುವ ಗುಣವನ್ನು ಕಳೆದುಕೊಳ್ಳುತ್ತದೆ. ಸ್ನಾಯುವಿನೊಳಗಿನ ಸಣ್ಣ ಲೋಮನಾಳಗಳು ವಿರಳವಾಗುತ್ತವೆ. ಆಮ್ಲಜನಕದಿಂದ ಶಕ್ತಿ ತೆಗೆಯುವ ಮೈಟೊಕಾಂಡ್ರಿಯಗಳು ಕಡಿಮೆಯಾಗುತ್ತವೆ. ದಿನವಿಡೀ ದಣಿಯದೆ ದುಡಿಯುವ ಎಳೆಗಳ ಜಾಗದಲ್ಲಿ ಬೇಗ ಸೋಲುವ ಎಳೆಗಳ ಪಾಲು ಹೆಚ್ಚುತ್ತದೆ. ತೊಡೆ ಮತ್ತು ಮೀನಖಂಡದ ಸ್ನಾಯು ಕರಗುತ್ತದೆ. ಎಷ್ಟೋ ಜನರಲ್ಲಿ ತೂಕ ಅಷ್ಟೇ ಇರುವುದರಿಂದ ಮನೆಯವರ ಗಮನಕ್ಕೆ ಇದು ಬರುವುದೇ ಇಲ್ಲ. ಅಷ್ಟು ವರ್ಷ ಮಗ್ಗ ತುಳಿದ ಕಾಲುಗಳವು. ಒಮ್ಮೆ ಅವರ ತೊಡೆಯನ್ನು ಮುಟ್ಟಿ ನೋಡಿ, ಹಳೆಯ ಗಟ್ಟಿತನ ಉಳಿದಿದೆಯೇ ಎಂದು ನಿಮಗೇ ತಿಳಿಯುತ್ತದೆ.

ಹೃದಯದ ಬಡಿತದ ಬಲವನ್ನು ತಕ್ಷಣ ಹೆಚ್ಚಿಸುವ ಔಷಧಿಯನ್ನು ರಕ್ತನಾಳಕ್ಕೆ ಕೊಟ್ಟು, ರೋಗಿಗಳಿಂದ ವ್ಯಾಯಾಮ ಮಾಡಿಸಿ ನೋಡಿದ ಪ್ರಯೋಗಗಳು 1980ರ ದಶಕದಲ್ಲಿ ನಡೆದವು. ಹೃದಯದಿಂದ ರಕ್ತ ಹೆಚ್ಚು ಹೊರಟಿತು, ಆದರೆ ರೋಗಿಗಳ ಶ್ರಮದ ಸಾಮರ್ಥ್ಯ ಏರಲಿಲ್ಲ. ಬ್ರಿಟನ್ನಿನ ಆಂಡ್ರ್ಯೂ ಕೋಟ್ಸ್ ಮತ್ತು ಸಂಗಡಿಗರು 1994ರಲ್ಲಿ ಇಂಥ ಸಾಕ್ಷ್ಯಗಳನ್ನೆಲ್ಲ ಕೂಡಿಸಿ, ಹೃದಯ ವೈಫಲ್ಯದ ದಣಿವು ಮತ್ತು ಏದುಸಿರಿಗೆ ಸ್ನಾಯುಗಳೇ ದೊಡ್ಡ ಕಾರಣ ಎಂದು ಪ್ರತಿಪಾದಿಸಿದರು. ಅದರಲ್ಲಿ ನನಗೆ ಅತ್ಯಂತ ಮಹತ್ವದ್ದಾಗಿ ಕಾಣುವುದು ಒಂದು ಅಂಶ. ದಣಿದ ಸ್ನಾಯುವಿನೊಳಗೆ ರಾಸಾಯನಿಕ ಬದಲಾವಣೆಯನ್ನು ಗ್ರಹಿಸುವ ನರತುದಿಗಳಿವೆ. ಅವು ಮೆದುಳಿಗೆ ಸುದ್ದಿ ಮುಟ್ಟಿಸುತ್ತವೆ, ಉಸಿರಾಟ ವೇಗವಾಗುತ್ತದೆ, ರಕ್ತನಾಳಗಳು ಇನ್ನಷ್ಟು ಬಿಗಿಯುತ್ತವೆ. ಸ್ನಾಯು ಕೆಟ್ಟಷ್ಟೂ ಈ ಸುದ್ದಿ ಬೇಗ ಮತ್ತು ಜೋರಾಗಿ ಹೋಗುತ್ತದೆ. ಎದೆಯಲ್ಲಿ ಅನುಭವಕ್ಕೆ ಬರುವ ದಮ್ಮಿನ ಒಂದು ಪಾಲು ಕಾಲಿನಲ್ಲಿ ಹುಟ್ಟುತ್ತದೆ ಎಂದರೆ ಜನ ನಂಬುವುದಿಲ್ಲ, ಆದರೆ ಸತ್ಯ ಅದೇ.

ಎಲ್ಲವನ್ನೂ ಕಾಲಿನ ಮೇಲೆ ಹಾಕಿ ಕೈತೊಳೆದುಕೊಳ್ಳುವಂತೆಯೂ ಇಲ್ಲ. ನಡೆಯುವಾಗ ಹೃದಯದೊಳಗಿನ ಒತ್ತಡ ಏರಿ ಶ್ವಾಸಕೋಶದ ಕಡೆಗೆ ಹಿಮ್ಮುಖವಾಗಿ ತಳ್ಳಿದರೆ ಉಸಿರು ಬಿಗಿಯುತ್ತದೆ. ಉಸಿರೆಳೆಯುವ ವಪೆಯೂ ಒಂದು ಸ್ನಾಯುವೇ, ಅದೂ ಸೋಲುತ್ತದೆ. ಇನ್ನು ಕೆಲವರಲ್ಲಿ ಶ್ರಮಕ್ಕೆ ತಕ್ಕಂತೆ ನಾಡಿ ಏರುವುದೇ ಇಲ್ಲ. ಬಗ್ಗಿ ಚಪ್ಪಲಿಯ ಪಟ್ಟಿ ಹಾಕುವಾಗ ಅರ್ಧ ನಿಮಿಷದೊಳಗೆ ಉಸಿರು ಕಟ್ಟುತ್ತದೆಯೇ ಎಂದು ನಿಮ್ಮ ಯಜಮಾನರನ್ನು ಕೇಳಿ. ಹೌದಾದರೆ ವೈದ್ಯರಿಗೆ ತಪ್ಪದೆ ಹೇಳಿ. ಅದು ಹೃದಯದೊಳಗಿನ ಒತ್ತಡ ಇನ್ನೂ ಹೆಚ್ಚಿದೆ ಎಂಬುದರ ಸುಳಿವು, ದೇಹದ ಹೆಚ್ಚಿನ ನೀರನ್ನು ಮೂತ್ರದಲ್ಲಿ ಹೊರಹಾಕುವ ‘ನೀರಿನ ಗುಳಿಗೆ’ಯ ಪ್ರಮಾಣವನ್ನು ಮತ್ತೆ ನೋಡಬೇಕಾಗಬಹುದು. ಪಂಪಿಂಗ್ ಸರಿಯಾಗಿಯೇ ಇದ್ದು, ಬಿಗಿತದಿಂದ ಹೃದಯ ಸರಿಯಾಗಿ ತುಂಬಿಕೊಳ್ಳದ ಇನ್ನೊಂದು ಬಗೆಯ ವೈಫಲ್ಯವೂ ಇದೆ. ರಕ್ತದೊತ್ತಡ, ಸಕ್ಕರೆ ಕಾಯಿಲೆ, ಬೊಜ್ಜು ಇರುವ ವಯಸ್ಸಾದ ಹೆಣ್ಣುಮಕ್ಕಳಲ್ಲಿ ಇದು ಹೆಚ್ಚು. ‘ಎಕೋ ನಾರ್ಮಲ್ ಇದೆಯಲ್ಲ, ವಯಸ್ಸಾಯಿತು ಅಷ್ಟೇ’ ಎಂಬ ಮಾತಿನಲ್ಲಿ ಅವರ ಕಾಯಿಲೆ ಮುಚ್ಚಿಹೋಗುತ್ತದೆ.

ಈಗ ಮಲಗಿಕೊಂಡಿರಲಿ ಎಂಬ ಸಲಹೆಗೆ ಬರುತ್ತೇನೆ. ದಶಕಗಳ ಕಾಲ ವೈದ್ಯರೇ ಇದನ್ನು ಹೇಳಿದ್ದರಿಂದ ನಿಮ್ಮ ನಾದಿನಿಯನ್ನು ದೂರುವಂತಿಲ್ಲ. 1966ರಲ್ಲಿ ಅಮೆರಿಕದ ಡಲ್ಲಾಸ್ ನಗರದಲ್ಲಿ ಇಪ್ಪತ್ತು ವರ್ಷದ ಐವರು ಆರೋಗ್ಯವಂತ ಯುವಕರನ್ನು ಮೂರು ವಾರ ಹಾಸಿಗೆಯಲ್ಲಿ ಮಲಗಿಸಿದರು. ಅವರ ಆಮ್ಲಜನಕ ಬಳಸುವ ಸಾಮರ್ಥ್ಯ ಕಾಲು ಭಾಗಕ್ಕಿಂತ ಹೆಚ್ಚು ಕುಸಿಯಿತು. ಮೂವತ್ತು ವರ್ಷಗಳ ನಂತರ, ಐವತ್ತು ದಾಟಿದ ಅದೇ ಐವರನ್ನು ಮತ್ತೆ ಪರೀಕ್ಷಿಸಿದಾಗ ಕಂಡದ್ದು ಇದು: ಮೂವತ್ತು ವರ್ಷಗಳ ಮುಪ್ಪು ಮಾಡಿದ ನಷ್ಟಕ್ಕಿಂತ ಮೂರು ವಾರಗಳ ಹಾಸಿಗೆ ಮಾಡಿದ್ದ ನಷ್ಟವೇ ದೊಡ್ಡದಾಗಿತ್ತು. ಗಟ್ಟಿಮುಟ್ಟಾದ ಹುಡುಗರ ಕಥೆ ಇದಾದರೆ, ಮೊದಲೇ ಸೊರಗಿದ ಕಾಲುಗಳಿಗೆ ಎರಡು ವರ್ಷಗಳ ವಿಶ್ರಾಂತಿ ಏನು ಮಾಡಿರಬಹುದು? ನಡೆದರೆ ದಣಿವು, ದಣಿವೆಂದು ಮಲಗುವುದು, ಮಲಗಿದ್ದರಿಂದ ಸ್ನಾಯು ಕರಗಿ ಮುಂದಿನ ಸಲ ಇನ್ನೂ ಬೇಗ ದಣಿವು. ಅಳತೆಯಿಟ್ಟು ಮಾಡುವ ವ್ಯಾಯಾಮದ ಹೊರತು ಈ ಸುತ್ತನ್ನು ಮುರಿಯುವ ಬೇರೆ ಔಷಧಿ ನಮ್ಮ ಬಳಿ ಇಲ್ಲ.

ನಡೆದರೆ ಹೃದಯಕ್ಕೆ ಪೆಟ್ಟಾಗುವುದಿಲ್ಲವೇ ಎಂದು ಕೇಳಿದ್ದೀರಿ. ಕಾಯಿಲೆ ಹತೋಟಿಯಲ್ಲಿದ್ದು, ಗುಳಿಗೆಗಳು ಸರಿಹೊಂದಿರುವವರಿಗೆ ಆಗುವುದಿಲ್ಲ. 2009ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದಲ್ಲಿ ಪಂಪಿಂಗ್ 35 ಅಥವಾ ಅದಕ್ಕಿಂತ ಕಡಿಮೆ ಇದ್ದ 2,331 ರೋಗಿಗಳು ಇದ್ದರು, ಅಂದರೆ ನಿಮ್ಮ ಯಜಮಾನರಿಗಿಂತ ದುರ್ಬಲ ಹೃದಯದವರು. ವ್ಯಾಯಾಮ ಮಾಡಿದ ಗುಂಪಿಗೆ ಅದರಿಂದ ಹೆಚ್ಚಿನ ಅಪಾಯ ಆಗಲಿಲ್ಲ. ಸಾವು ಮತ್ತು ಆಸ್ಪತ್ರೆ ದಾಖಲಾತಿಯಲ್ಲಿ ಸಿಕ್ಕ ಲಾಭ ಸಣ್ಣದು, ಅದನ್ನು ನಾನು ಉಬ್ಬಿಸಿ ಹೇಳುವುದಿಲ್ಲ. ಆದರೆ ನಡೆಯುವ ಶಕ್ತಿ ಮತ್ತು ದಿನನಿತ್ಯದ ಬದುಕಿನ ಗುಣಮಟ್ಟ ಸುಧಾರಿಸಿತು. ನಿಮಗೆ ಬೇಕಾಗಿರುವುದು ಅದೇ ತಾನೆ?

ಶುರು ಮಾಡುವ ಮೊದಲು ಕೆಲವು ಪರೀಕ್ಷೆಗಳನ್ನು ಕೇಳಿ ಮಾಡಿಸಿಕೊಳ್ಳಿ. ಮುಖ್ಯವಾದದ್ದು ಕಬ್ಬಿಣದ ಕೊರತೆ. ಹೃದಯ ವೈಫಲ್ಯದ ರೋಗಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನರಿಗೆ ಇದು ಇರುತ್ತದೆ, ಹಿಮೋಗ್ಲೋಬಿನ್ ಸರಿಯಾಗಿದ್ದವರಿಗೂ ಇರಬಹುದು. ಸ್ನಾಯುವಿನೊಳಗೆ ಶಕ್ತಿ ತಯಾರಾಗಲು ಕಬ್ಬಿಣ ಬೇಕು, ಆದ್ದರಿಂದ ಹಿಮೋಗ್ಲೋಬಿನ್ ನೋಡಿ ಸುಮ್ಮನಾಗಬಾರದು. ಫೆರಿಟಿನ್ ಮತ್ತು ಟ್ರಾನ್ಸ್‌ಫೆರಿನ್ ಸ್ಯಾಚುರೇಶನ್ ಎಂಬ ಎರಡು ರಕ್ತಪರೀಕ್ಷೆ ಆಗಬೇಕು. ಫೆರಿಟಿನ್ 100ಕ್ಕಿಂತ ಕಡಿಮೆ ಇದ್ದರೆ, ಅಥವಾ 100ರಿಂದ 299ರ ನಡುವೆ ಇದ್ದು ಸ್ಯಾಚುರೇಶನ್ ಶೇಕಡಾ 20ಕ್ಕಿಂತ ಕಡಿಮೆ ಇದ್ದರೆ ಕೊರತೆ ಎಂದು ಪರಿಗಣಿಸುತ್ತಾರೆ. ಈ ರೋಗಿಗಳಲ್ಲಿ ಕಬ್ಬಿಣದ ಗುಳಿಗೆ ಶ್ರಮದ ಸಾಮರ್ಥ್ಯವನ್ನು ಏರಿಸಲಿಲ್ಲ ಎಂದು 2017ರ ಅಧ್ಯಯನ ತೋರಿಸಿತು. ರಕ್ತನಾಳದ ಮೂಲಕ ಕೊಡುವ ಕಬ್ಬಿಣ ಉಪಯೋಗಕ್ಕೆ ಬರುತ್ತದೆ. ಥೈರಾಯ್ಡ್, ಶ್ವಾಸಕೋಶ, ನಾಡಿಯ ಲಯ ಇವನ್ನೂ ನೋಡಲಿ. ಮನಸ್ಸು ಕುಗ್ಗಿರುವುದೂ ದಣಿವಿನ ರೂಪದಲ್ಲಿ ಕಾಣಿಸಿಕೊಳ್ಳಬಹುದು.

ನಾಡಿ ಇಳಿಸುವ ಬೀಟಾ ಬ್ಲಾಕರ್ ಗುಳಿಗೆಯಿಂದಲೇ ಸುಸ್ತು ಎಂದು ಯಾರೋ ಹೇಳುತ್ತಾರೆ, ರೋಗಿ ಅದನ್ನು ಬಿಟ್ಟುಬಿಡುತ್ತಾನೆ. ದಯವಿಟ್ಟು ಹಾಗೆ ಮಾಡಬೇಡಿ. ಮೊದಲ ವಾರಗಳಲ್ಲಿ ಅದು ದಣಿವು ತರುವುದುಂಟು, ಆದರೆ ನಿಮ್ಮ ಯಜಮಾನರ ಪಂಪಿಂಗ್ ಏರಿದ್ದರಲ್ಲಿ ಅದರ ಪಾಲೂ ಇದೆ. ಪ್ರಮಾಣ ಬದಲಿಸುವುದಿದ್ದರೆ ವೈದ್ಯರೇ ಬದಲಿಸಲಿ. ಮೊಣಕಾಲು ನೋವಿಗೆ ಅಂಗಡಿಯಿಂದ ತಂದು ನುಂಗುವ ನೋವಿನ ಗುಳಿಗೆಯ ಬಗ್ಗೆಯೂ ನನಗೆ ಬಹಳ ಆತಂಕವಿದೆ. ಡೈಕ್ಲೋಫಿನ್ಯಾಕ್, ಐಬುಪ್ರೊಫೆನ್‌ನಂಥವು ದೇಹದಲ್ಲಿ ಉಪ್ಪು ಮತ್ತು ನೀರನ್ನು ಹಿಡಿದಿಡುತ್ತವೆ, ಹತೋಟಿಯಲ್ಲಿದ್ದ ಕಾಯಿಲೆಯನ್ನು ಕೆಲವೇ ದಿನಗಳಲ್ಲಿ ಕೆರಳಿಸಬಲ್ಲವು. ನಡಿಗೆ ಶುರು ಮಾಡಿದವರಿಗೆ ಕಾಲುನೋವು ಬರುವುದು ಸಹಜ, ಆಗ ಕೈ ಮೊದಲು ಹೋಗುವುದು ಅತ್ತಲೇ.

ಆರು ನಿಮಿಷದ ನಡಿಗೆ ಪರೀಕ್ಷೆಯನ್ನು ಮಾಡಿಸುವಂತೆ ಕೇಳಿ. ಯಂತ್ರ ಬೇಡ, ಉದ್ದನೆಯ ಓಣಿ ಮತ್ತು ಗಡಿಯಾರ ಸಾಕು. ಆರು ನಿಮಿಷದಲ್ಲಿ ತಮ್ಮದೇ ವೇಗದಲ್ಲಿ ಎಷ್ಟು ದೂರ ನಡೆಯುತ್ತಾರೆ ಎಂದು ಅಳೆಯುತ್ತಾರೆ. ನಿಲ್ಲಬಹುದು, ಗೋಡೆಗೆ ಒರಗಬಹುದು, ಮತ್ತೆ ನಡೆಯಬಹುದು. ಹುಬ್ಬಳ್ಳಿ ರೈಲು ನಿಲ್ದಾಣದ ಆ 1,507 ಮೀಟರ್ ಪ್ಲಾಟ್‌ಫಾರ್ಮ್ ನೋಡಿದ್ದೀರಲ್ಲ, ಆರೋಗ್ಯವಂತ ಹಿರಿಯರು ಈ ಸಮಯದಲ್ಲಿ ಅದರ ಮೂರನೆಯ ಒಂದು ಭಾಗದಷ್ಟು ದೂರ ಹೋಗುತ್ತಾರೆ. ಮುನ್ನೂರು ಮೀಟರ್ ದಾಟದವರ ಬಗ್ಗೆ ನಾವು ಹೆಚ್ಚು ಎಚ್ಚರ ವಹಿಸುತ್ತೇವೆ. ಈ ಪರೀಕ್ಷೆಯಲ್ಲಿ ನಾನು ಮೀಟರಿನ ಜೊತೆಗೆ ಮನುಷ್ಯನನ್ನೂ ನೋಡುತ್ತೇನೆ. ಎಷ್ಟನೆಯ ಸುತ್ತಿಗೆ ಮಾತು ತುಂಡಾಯಿತು, ಕೈ ಗೋಡೆಯ ಕಡೆಗೆ ಯಾವಾಗ ಹೋಯಿತು, ನಿಂತಾಗ ಕೈ ಇಟ್ಟುಕೊಂಡದ್ದು ಎದೆಯ ಮೇಲೋ ತೊಡೆಯ ಮೇಲೋ. ತೊಡೆಯ ಮೇಲೆ ಕೈಯಿಟ್ಟು ನಿಲ್ಲುವವರಿಗೆ ಕಾಲಿನ ಕಸರತ್ತು ಬಹಳ ಬೇಗ ಫಲ ಕೊಡುವುದನ್ನು ಕಂಡಿದ್ದೇನೆ.

ಮೊದಲ ವಾರ ಐದು ನಿಮಿಷದ ನಡಿಗೆ ಸಾಕು, ದಿನಕ್ಕೆ ಎರಡು ಮೂರು ಸಲ, ಸಮತಟ್ಟಾದ ಜಾಗದಲ್ಲಿ. ಮೂರು ನಾಲ್ಕು ದಿನಕ್ಕೊಮ್ಮೆ ಒಂದೊಂದು ನಿಮಿಷ ಸೇರಿಸಿ. ಅವಸರವಿಲ್ಲದೆ ಎರಡು ಮೂರು ತಿಂಗಳಲ್ಲಿ ದಿನಕ್ಕೆ ಅರ್ಧ ಗಂಟೆ ಮುಟ್ಟಿದರೆ ಚೆನ್ನ. ವೇಗಕ್ಕೆ ನಾಡಿಯ ಲೆಕ್ಕ ಬೇಡ, ಬೀಟಾ ಬ್ಲಾಕರ್ ತೆಗೆದುಕೊಳ್ಳುವವರಲ್ಲಿ ಅದು ದಾರಿ ತಪ್ಪಿಸುತ್ತದೆ. ನೀವೂ ಜೊತೆಗೆ ನಡೆಯಿರಿ, ಮಾತಾಡಿಸುತ್ತಿರಿ. ಪೂರ್ತಿ ವಾಕ್ಯದಲ್ಲಿ ಉತ್ತರ ಬಂದರೆ ವೇಗ ಸರಿ, ಒಂದೊಂದೇ ಪದ ಬಂದರೆ ಹೆಚ್ಚಾಯಿತು. ಭೀಷ್ಮ ಕೆರೆಯ ದಂಡೆ ಒಳ್ಳೆಯ ಜಾಗ, ಆದರೆ ಗದಗಿನ ಗಾಳಿಯನ್ನು ಮರೆಯಬೇಡಿ. ಆಷಾಢದ ಎದುರುಗಾಳಿಯಲ್ಲಿ ಅದೇ ದೂರಕ್ಕೆ ಹೆಚ್ಚು ಶ್ರಮ ಬೇಕು. ಹೋಗುವಾಗ ಗಾಳಿಗೆ ಎದುರಾಗಿ, ಬರುವಾಗ ಗಾಳಿಯ ಜೊತೆಗೆ ಬರುವಂತೆ ದಾರಿ ಆರಿಸಿ, ದಣಿದ ಮೇಲೆ ಎದುರುಗಾಳಿ ಸಿಗಬಾರದು. ಊಟವಾಗಿ ಎರಡು ಗಂಟೆ ಕಳೆಯಲಿ. ಬೇಸಿಗೆಯಲ್ಲಿ ಬಿಸಿಲೇರುವ ಮುಂಚೆಯೇ ಮುಗಿಸಿ, ನೀರಿನ ಗುಳಿಗೆ ತೆಗೆದುಕೊಳ್ಳುವವರಿಗೆ ಬಿಸಿಲಲ್ಲಿ ರಕ್ತದೊತ್ತಡ ಬೇಗ ಇಳಿಯುತ್ತದೆ.

ಬರಿಯ ನಡಿಗೆಯಿಂದ ತೊಡೆಯ ಬಲ ಪೂರ್ತಿ ಮರಳುವುದಿಲ್ಲ. ಗಟ್ಟಿ ಕುರ್ಚಿಯನ್ನು ಗೋಡೆಗೆ ತಾಗಿಸಿ ಇಡಿ. ಕೈ ಊರದೆ ಎದ್ದು ನಿಲ್ಲುವುದು, ನಿಧಾನವಾಗಿ ಕೂರುವುದು. ಮೊದಲಿಗೆ ಐದು ಸಲ ಸಾಕು, ಕೈ ಊರದೆ ಆಗದಿದ್ದರೆ ಊರಲಿ. ಏಳುವಾಗ ಉಸಿರು ಬಿಡಬೇಕು, ಹಿಡಿದಿಡಬಾರದು. ಅದಾದ ಮೇಲೆ ಗೋಡೆ ಹಿಡಿದು ತುದಿಗಾಲ ಮೇಲೆ ಏಳುವುದು. ವಾರದಲ್ಲಿ ಎರಡು ಮೂರು ದಿನ ಇಷ್ಟು ಮಾಡಿದರೆ ಸ್ನಾಯು ಮರಳುತ್ತದೆ. ಅದು ಮರಳಲು ಆಹಾರವೂ ಬೇಕು. ಹೆಸರುಕಾಳು, ಮಡಕಿಕಾಳು, ಮೊಸರು, ತಿನ್ನುವವರಾದರೆ ಮೊಟ್ಟೆ ದಿನವೂ ಇರಲಿ. ರೊಟ್ಟಿಗೆ ಹಿಟ್ಟು ನಾದುವಾಗ ಉಪ್ಪು ಬಿಡಿ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ ಬೇಡವೇ ಬೇಡ. ಅಂಗಡಿಯಲ್ಲಿ ಸಿಗುವ ಕಡಿಮೆ ಸೋಡಿಯಂ ಉಪ್ಪನ್ನು ವೈದ್ಯರನ್ನು ಕೇಳದೆ ತರಬೇಡಿ, ಅದರಲ್ಲಿ ಪೊಟ್ಯಾಸಿಯಂ ಇರುತ್ತದೆ. ಹೃದಯ ವೈಫಲ್ಯಕ್ಕೆ ಕೊಡುವ ಕೆಲವು ಗುಳಿಗೆಗಳ ಜೊತೆ ಸೇರಿದರೆ ಅದು ಅಪಾಯದ ಮಟ್ಟಕ್ಕೆ ಏರಬಹುದು. ಮದುವೆಗೆಂದು ಗದಗಿನಿಂದ ಹುಬ್ಬಳ್ಳಿಗೆ ಬಸ್ಸಿನಲ್ಲಿ ಹೋಗುವ ದಿನ ಮೂತ್ರದ ತೊಂದರೆ ಬೇಡವೆಂದು ನೀರಿನ ಗುಳಿಗೆ ಬಿಡುವವರು ಬಹಳ. ಬಿಡುವುದರ ಬದಲು ಆ ದಿನ ಊರು ಮುಟ್ಟಿದ ಮೇಲೆ ತೆಗೆದುಕೊಳ್ಳಬಹುದೇ ಎಂದು ವೈದ್ಯರನ್ನು ಮೊದಲೇ ಕೇಳಿಟ್ಟುಕೊಳ್ಳಿ.

ಇನ್ನೊಂದು ಮಾತು, ಇದು ನಿಮಗೇ. ‘ದಮ್ಮು ಬರುತ್ತದೆಯೇ’ ಎಂದು ಕೇಳಿದರೆ ಇಂಥ ರೋಗಿಗಳಲ್ಲಿ ಅನೇಕರು ಇಲ್ಲ ಎನ್ನುತ್ತಾರೆ. ಸುಳ್ಳು ಹೇಳುವುದಿಲ್ಲ, ದಮ್ಮು ತರುವ ಕೆಲಸಗಳನ್ನೆಲ್ಲ ಒಂದೊಂದಾಗಿ ಬಿಟ್ಟಿರುತ್ತಾರೆ. ಬ್ಯಾಡಗಿ ಕಡೆಯ ಹೆಣ್ಣುಮಗಳೊಬ್ಬಳು ನನ್ನ ಮುಂದೆ ಆರಾಮಾಗಿದ್ದೇನೆ ಎಂದೇ ಹೇಳಿದಳು. ಮೆಣಸಿನಕಾಯಿಯ ತೊಟ್ಟು ಬಿಡಿಸಲು ಕುಳಿತರೆ ಸಂಜೆಯವರೆಗೂ ಏನೂ ಆಗುವುದಿಲ್ಲವಂತೆ. ಚೀಲ ಎತ್ತಿಡುವವರು ಯಾರು, ನೀರು ತರುವವರು ಯಾರು ಎಂದು ಕೇಳುತ್ತ ಹೋದಾಗ ಎಲ್ಲವೂ ಸೊಸೆಯ ಪಾಲಿಗೆ ಹೋಗಿ ವರ್ಷವಾಗಿತ್ತು. ನಿಮ್ಮ ಯಜಮಾನರು ಈ ಎರಡು ವರ್ಷಗಳಲ್ಲಿ ಏನೇನು ಮಾಡುವುದನ್ನು ಬಿಟ್ಟರು ಎಂದು ಕುಳಿತು ಬರೆಯಿರಿ. ಸ್ನಾನದ ನೀರು ತಾವೇ ತೋಡಿಕೊಳ್ಳುತ್ತಾರೆಯೇ? ಅಂಗಿ ತಾವೇ ಹಾಕಿಕೊಳ್ಳುತ್ತಾರೆಯೇ? ಬಿಟ್ಟ ಕೆಲಸಗಳಲ್ಲಿ ಹಗುರವಾದವನ್ನು ಒಂದೊಂದಾಗಿ ಅವರಿಗೇ ಹಿಂತಿರುಗಿಸಿ. ಕಂಡಿಕೆಗೆ ನೂಲು ಸುತ್ತುವುದರಿಂದ ಶುರುವಾಗಲಿ. ಮಗ್ಗ ತುಳಿಯುವುದನ್ನು ಕಾಲಿಗೆ ಬಲ ಬಂದ ಮೇಲೆ, ಅರ್ಧರ್ಧ ಗಂಟೆಯಂತೆ ನೋಡಬಹುದು.

ಮೊದಲ ಎರಡು ಮೂರು ವಾರ ಏನೂ ಬದಲಾವಣೆ ಕಾಣುವುದಿಲ್ಲ, ಹೆಚ್ಚಿನವರು ಬಿಡುವುದು ಆಗಲೇ. ನಡೆದ ನಿಮಿಷಗಳನ್ನೂ ಬೆಳಗಿನ ತೂಕವನ್ನೂ ಒಂದು ವಹಿಯಲ್ಲಿ ಬರೆದಿಡಿ. ಮೂರು ದಿನದಲ್ಲಿ ತೂಕ ಎರಡು ಕಿಲೋ ಏರಿದರೆ, ಕಾಲು ಬಾತುಕೊಂಡರೆ, ಮಲಗಲು ಇನ್ನೊಂದು ದಿಂಬು ಬೇಕೆನಿಸಿದರೆ ಅಂದು ವ್ಯಾಯಾಮ ನಿಲ್ಲಿಸಿ ವೈದ್ಯರನ್ನು ಕಾಣಿರಿ. ನಡೆಯುವಾಗ ಎದೆನೋವು, ತಲೆಸುತ್ತು, ತಣ್ಣನೆಯ ಬೆವರು, ಎದೆ ಅಡ್ಡಾದಿಡ್ಡಿಯಾಗಿ ಬಡಿದುಕೊಳ್ಳುವುದು ಕಂಡರೆ ಅಲ್ಲೇ ಕೂರಿಸಿ. ಕುಳಿತ ಮೇಲೂ ಕಡಿಮೆಯಾಗದಿದ್ದರೆ 108ಕ್ಕೆ ಕರೆ ಮಾಡಿ, ಮಗ ಬರಲಿ ಎಂದು ಕಾಯಬೇಡಿ. ಮುಂದಿನ ಸಲ ಆಸ್ಪತ್ರೆಗೆ ಹೋಗುವಾಗ ಎಕೋ ರಿಪೋರ್ಟಿನ ಜೊತೆ ಆ ವಹಿಯನ್ನೂ, ಬಿಟ್ಟ ಕೆಲಸಗಳ ಪಟ್ಟಿಯನ್ನೂ ಒಯ್ದು, ವ್ಯಾಯಾಮ ಶುರು ಮಾಡಬಹುದೇ, ಎಷ್ಟು ಎಂದು ನೇರವಾಗಿ ಕೇಳಿ.